ಪಶುವೈದ್ಯರು ಬರುವವರೆಗೆ

ಮಕ್ಕಳೇ, ನಿಮ್ಮಲ್ಲಿ ಎಷ್ಟು ಜನರ ಮನೆಯಲ್ಲಿ ನಾಯಿ ಇದೆ? ಬೆಕ್ಕು? ಶಾಲೆಗಳಿಗೆ ಹೋದಾಗ ನಾನು ಈ ಪ್ರಶ್ನೆ ಕೇಳಿದರೆ ತರಗತಿಯ ಅರ್ಧಕ್ಕಿಂತ ಹೆಚ್ಚು ಕೈಗಳು ಮೇಲೇಳುತ್ತವೆ. ಅದರ ಹೆಸರೇನು ಎಂದರೆ ಎಲ್ಲರೂ ಒಟ್ಟಿಗೇ ಕೂಗುತ್ತಾರೆ. ಆದರೆ ‘ನಿಮ್ಮ ನಾಯಿ ಒಂದು ನಿಮಿಷಕ್ಕೆ ಎಷ್ಟು ಸಲ ಉಸಿರಾಡುತ್ತದೆ? ಅದರ ಮೈಯ ತಾಪ ಎಷ್ಟು?’ ಎಂದು ಕೇಳಿದೊಡನೆ ತರಗತಿ ಮೌನವಾಗುತ್ತದೆ. ಟೀಚರ್ ಇದೆಂಥ ಪ್ರಶ್ನೆ ಕೇಳುತ್ತಿದ್ದಾರೆ ಎಂದು ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ಇಂಥ ಪ್ರಶ್ನೆಗೆ ಉತ್ತರ ಗೊತ್ತಿಲ್ಲದೆ ನಾನೊಮ್ಮೆ ಒಂದು ಬೆಕ್ಕಿನ ಸಾವಿಗೆ ಕಾರಣಳಾದೆ.

ನಾನಾಗ ಪಿಯುಸಿ ಓದುತ್ತಿದ್ದೆ. ನಮ್ಮ ಮನೆಯಲ್ಲಿ ಚುಕ್ಕಿ ಎಂಬ ಬೆಕ್ಕು ಇತ್ತು. ಒಂದು ದಿನ ಅದು ಹಾಲು ಮುಟ್ಟಲಿಲ್ಲ. ಅಕ್ಕಿ ಮೂಟೆಯ ಹಿಂದೆ ಮುದುಡಿ ಮಲಗಿತ್ತು. ಎತ್ತಿಕೊಂಡು ಕಿವಿ ಮುಟ್ಟಿ ನೋಡಿದೆ, ನನ್ನ ಕೈಗಿಂತ ಬಿಸಿಯಾಗಿತ್ತು. ಜ್ವರ ಬಂದಿದೆ ಎಂದುಕೊಂಡೆ. ನಮಗೆ ಜ್ವರ ಬಂದರೆ ಅಮ್ಮ ಕೊಡುತ್ತಿದ್ದ ಪ್ಯಾರಸಿಟಮಾಲ್ ಮಾತ್ರೆ ಗೋಡೆಯ ಗೂಡಿನಲ್ಲಿತ್ತು. ಬೆಕ್ಕು ಚಿಕ್ಕ ಪ್ರಾಣಿಯಲ್ಲವೇ, ಅರ್ಧ ಮಾತ್ರೆ ಸಾಕೆಂದು ಪುಡಿ ಮಾಡಿ ತಿನ್ನಿಸಿದೆ. ಲೆಕ್ಕ ಹಾಕಿ ಕೊಟ್ಟೆನೆಂಬ ಹೆಮ್ಮೆ ಬೇರೆ! ಸಂಜೆಯ ಹೊತ್ತಿಗೆ ಚುಕ್ಕಿಯ ಮುಖ ಊದಿಕೊಂಡಿತು, ಕಾಲುಗಳ ಪಂಜಗಳೂ ಊದಿದವು. ವಸಡು ಕಂದು ಬಣ್ಣಕ್ಕೆ ತಿರುಗಿತು. ಮರುದಿನ ಬೆಳಿಗ್ಗೆ ಅದು ಏಳಲಿಲ್ಲ.

ನಾನು ಎರಡು ತಪ್ಪು ಮಾಡಿದ್ದೆ. ಮೊದಲನೆಯದು ಮುಟ್ಟಿ ನೋಡಿ ಜ್ವರ ಎಂದು ತೀರ್ಮಾನಿಸಿದ್ದು. ಈ ಅಂಕಿಗಳನ್ನು ಗಮನಿಸಿ.

ಮನುಷ್ಯ (ವಯಸ್ಕ): ದೇಹದ ತಾಪ ಸುಮಾರು 37 ಡಿಗ್ರಿ ಸೆಲ್ಸಿಯಸ್, ಉಸಿರಾಟ ನಿಮಿಷಕ್ಕೆ 12ರಿಂದ 20
ನಾಯಿ: ತಾಪ 38.3ರಿಂದ 39.2 ಡಿಗ್ರಿ, ಉಸಿರಾಟ 10ರಿಂದ 30
ಬೆಕ್ಕು: ತಾಪ 38.1ರಿಂದ 39.2 ಡಿಗ್ರಿ, ಉಸಿರಾಟ 20ರಿಂದ 30
ಮೇಕೆ: ತಾಪ 38.5ರಿಂದ 39.7 ಡಿಗ್ರಿ, ಉಸಿರಾಟ 15ರಿಂದ 30

(ಉಸಿರಾಟದ ಲೆಕ್ಕ ಸುಮ್ಮನೆ ವಿಶ್ರಾಂತಿಯಲ್ಲಿರುವಾಗಿನದು.)

ಏನು ತಿಳಿಯಿತು? ನಮಗೆ ಜ್ವರ ಎನಿಸುವ 39 ಡಿಗ್ರಿ, ಬೆಕ್ಕಿಗೆ ಆರೋಗ್ಯದ ಲಕ್ಷಣ! ಆರೋಗ್ಯವಾಗಿರುವ ಬೆಕ್ಕು ಕೂಡ ನಮ್ಮ ಕೈಗೆ ಬೆಚ್ಚಗೇ ಇರುತ್ತದೆ. ಚುಕ್ಕಿಗೆ ಅಂದು ಜ್ವರವೇ ಇರಲಿಲ್ಲವೇನೋ. ನಾಯಿಯ ಮೂಗು ಒಣಗಿದ್ದರೆ ಜ್ವರ ಎಂದು ಹೇಳುವವರೂ ಇದ್ದಾರೆ. ಅದೂ ನಂಬಲರ್ಹ ಗುರುತಲ್ಲ. ನಿದ್ದೆಯಿಂದ ಎದ್ದ ನಾಯಿಯ ಮೂಗು ಒಣಗಿಯೇ ಇರುತ್ತದೆ. ತಾಪವನ್ನು ಥರ್ಮಾಮೀಟರಿನಿಂದಲೇ ಅಳೆಯಬೇಕು. ಪ್ರಾಣಿಗಳಲ್ಲಿ ಅದನ್ನು ಗುದದ್ವಾರದಲ್ಲಿ ಇಟ್ಟು ಅಳೆಯುವುದರಿಂದ ಅದು ಪಶುವೈದ್ಯರ ಕೆಲಸ, ನಿಮ್ಮದಲ್ಲ. ಉಸಿರನ್ನು ಎಣಿಸುವುದು ಮಾತ್ರ ನಿಮ್ಮಿಂದ ಆಗುವ ಕೆಲಸ. ಅದಕ್ಕೆ ಪ್ರಾಣಿಯನ್ನು ಮುಟ್ಟಬೇಕಾಗಿಯೂ ಇಲ್ಲ.

ಬೆಕ್ಕು ಪುಟ್ಟ ಮನುಷ್ಯನಲ್ಲ

ಎರಡನೆಯ ತಪ್ಪು ಮಾತ್ರೆ ಕೊಟ್ಟದ್ದು. ನಾವು ನುಂಗಿದ ಪ್ಯಾರಸಿಟಮಾಲನ್ನು ನಮ್ಮ ಯಕೃತ್ತು ಬದಲಾಯಿಸಿ ನೀರಿನಲ್ಲಿ ಸುಲಭವಾಗಿ ಕರಗುವ ವಸ್ತುವನ್ನಾಗಿ ಮಾಡುತ್ತದೆ. ಆಮೇಲೆ ಅದು ಮೂತ್ರದ ಮೂಲಕ ಹೊರಹೋಗುತ್ತದೆ. ಹೀಗೆ ಬದಲಾಯಿಸಲು ಒಂದು ಕಿಣ್ವ ಬೇಕು. ಬೆಕ್ಕಿನಲ್ಲಿ ಆ ಕಿಣ್ವವನ್ನು ತಯಾರಿಸುವ ಜೀನು ಕೆಟ್ಟುಹೋಗಿದೆ. ಹೀಗಾಗಿ ಔಷಧ ಹೊರಹೋಗದೆ ದೇಹದಲ್ಲೇ ಉಳಿದು ವಿಷವಾಗುತ್ತದೆ. ಆ ವಿಷ ಕೆಂಪು ರಕ್ತಕಣಗಳಲ್ಲಿರುವ ಹಿಮೋಗ್ಲೋಬಿನನ್ನು ಕೆಡಿಸುತ್ತದೆ. ಕೆಟ್ಟ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹೊರಲಾರದು, ಅದರ ಬಣ್ಣವೂ ಕಂದು. ಚುಕ್ಕಿಯ ವಸಡು ಕಂದಾದದ್ದು ಏಕೆಂದು ಈಗ ನಿಮಗೆ ಅರ್ಥವಾಗಿರಬೇಕು.

ಮಾತ್ರೆಯನ್ನು ಅರ್ಧ ಮಾಡಲಿ, ಕಾಲು ಮಾಡಲಿ, ಅಪಾಯ ತಪ್ಪುವುದಿಲ್ಲ. ಇದು ಅಳತೆಯ ತಪ್ಪಲ್ಲ, ಪ್ರಾಣಿಯೇ ಬೇರೆ. ಬೇಗ ಆಸ್ಪತ್ರೆಗೆ ತಂದರೆ ಪಶುವೈದ್ಯರು ಇದಕ್ಕೆ ಪ್ರತಿವಿಷ ಕೊಡಬಲ್ಲರು. ನಾನು ಮಾತ್ರೆ ಕೊಟ್ಟ ವಿಷಯವನ್ನು ಯಾರಿಗೂ ಹೇಳದೆ ಸುಮ್ಮನಿದ್ದೆ. ಲೆಕ್ಕಕ್ಕೆ ಸೇರಿಸಿದರೆ ಅದು ಮೂರನೆಯ ತಪ್ಪು.

ಇಲಿಪಾಷಾಣದ ವಿಷಯದಲ್ಲೂ ಹೀಗೆಯೇ ಮೋಸ ಹೋಗುವುದುಂಟು. ಕೆಲವು ಬಗೆಯ ಇಲಿಪಾಷಾಣ ರಕ್ತ ಹೆಪ್ಪುಗಟ್ಟದಂತೆ ತಡೆಯುತ್ತದೆ. ಅದನ್ನು ತಿಂದ ನಾಯಿ ಮೊದಲ ದಿನ ಬಾಲ ಅಲ್ಲಾಡಿಸಿಕೊಂಡೇ ಓಡಾಡುತ್ತದೆ, ಮೂರು ನಾಲ್ಕು ದಿನ ಕಳೆದ ಮೇಲೆ ದೇಹದೊಳಗೆ ರಕ್ತಸ್ರಾವ ಶುರುವಾಗುತ್ತದೆ. ವಿಟಮಿನ್ ಕೆ ಕೊಟ್ಟು ಇದನ್ನು ತಡೆಯಬಹುದು, ಆದರೆ ಸಮಯಕ್ಕೆ ಸರಿಯಾಗಿ ಕೊಡಬೇಕು. ಬೇರೆ ಬಗೆಯ ಪಾಷಾಣಕ್ಕೆ ಚಿಕಿತ್ಸೆಯೂ ಬೇರೆ. ಆದ್ದರಿಂದ ಪ್ರಾಣಿ ಏನಾದರೂ ತಿಂದಿರಬಹುದೆಂಬ ಅನುಮಾನ ಬಂದರೆ ಆ ಪೊಟ್ಟಣವನ್ನು ಎಸೆಯಬೇಡಿ. ದೊಡ್ಡವರಿಗೆ ತೋರಿಸಿ, ಅವರು ಅದನ್ನು ಆಸ್ಪತ್ರೆಗೆ ಒಯ್ಯಲಿ.

ಬಿಸಿಲಿಗೆ ಬಿದ್ದ ನಾಯಿ

ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು, ಕಲಬುರಗಿ ಕಡೆ ಹಗಲಿನ ತಾಪ 40 ಡಿಗ್ರಿ ದಾಟುತ್ತದೆ. ಆಗ ನಾವು ಬೆವರುತ್ತೇವೆ. ಬೆವರು ಆವಿಯಾಗುವಾಗ ಮೈಯ ಶಾಖವನ್ನು ಹೀರಿಕೊಂಡು ಹೋಗುತ್ತದೆ. ಒದ್ದೆ ಕೈಯ ಮೇಲೆ ಊದಿ ನೋಡಿ, ತಣ್ಣಗಾಗುತ್ತದೆ ಅಲ್ಲವೇ? ನಾಯಿಗೆ ಬೆವರುವ ಗ್ರಂಥಿಗಳು ಮುಖ್ಯವಾಗಿ ಇರುವುದು ಪಂಜದ ಅಡಿಯಲ್ಲಿ ಮಾತ್ರ. ಅಷ್ಟರಿಂದ ಮೈ ತಂಪಾಗದು. ಅದಕ್ಕೇ ನಾಯಿ ನಾಲಗೆ ಹೊರಚಾಚಿ ಏದುಸಿರು ಬಿಡುತ್ತದೆ. ನಾಲಗೆ ಮತ್ತು ಬಾಯಿಯ ತೇವ ಆವಿಯಾಗಿ ರಕ್ತ ತಂಪಾಗುತ್ತದೆ. ಹೀಗೆ ಏದುವಾಗ ಉಸಿರಾಟ ನಿಮಿಷಕ್ಕೆ 200ಕ್ಕೂ ಮೀರಬಹುದು.

ಸುತ್ತಲಿನ ಗಾಳಿಯೇ ನಾಯಿಯ ಮೈಗಿಂತ ಬಿಸಿಯಾಗಿದ್ದರೆ? ಆಗ ಶಾಖ ಹೊರಗಿನಿಂದ ಒಳಗೆ ಹರಿಯುತ್ತದೆ. ಮಂಗಳೂರಿನಂಥ ಕರಾವಳಿಯಲ್ಲಿ ತಾಪ ಅಷ್ಟಿಲ್ಲದಿದ್ದರೂ ಗಾಳಿಯಲ್ಲಿ ತೇವಾಂಶ ಹೆಚ್ಚು, ಅದರಿಂದ ಆವಿಯಾಗುವುದು ನಿಧಾನ. ತಗಡಿನ ಶೆಡ್ಡಿನಲ್ಲಿ ಕಟ್ಟಿಹಾಕಿದ ನಾಯಿಗೆ, ಗಾಜು ಏರಿಸಿದ ಕಾರಿನಲ್ಲಿ ಬಿಟ್ಟ ನಾಯಿಗೆ ಎಲ್ಲ ಊರಿನಲ್ಲೂ ಅಪಾಯವೇ. ಮೈಯ ತಾಪ 41 ಡಿಗ್ರಿ ದಾಟಿದರೆ ಜೀವಕ್ಕೆ ಕುತ್ತು. ನಾಯಿ ಬಿಡುವಿಲ್ಲದೆ ಏದುತ್ತದೆ, ಅಂಟು ಜೊಲ್ಲು ಸುರಿಸುತ್ತದೆ, ತೂರಾಡಿ ಬೀಳುತ್ತದೆ.

ಆಗ ದೊಡ್ಡವರನ್ನು ಕರೆದು ಅದನ್ನು ನೆರಳಿಗೆ ಸಾಗಿಸಿ. ಹೊಟ್ಟೆ, ತೊಡೆ, ಪಂಜ ಎಲ್ಲ ನೆನೆಯುವಂತೆ ಮೈಮೇಲೆ ನಲ್ಲಿಯ ಅಥವಾ ಕೊಡದ ನೀರು ಸುರಿಯಿರಿ. ಬೀಸಣಿಗೆಯಿಂದಲೋ ರಟ್ಟಿನಿಂದಲೋ ಗಾಳಿ ಹಾಕುತ್ತಲೇ ಇರಿ. ಒದ್ದೆ ಗೋಣಿಚೀಲ ಹೊದಿಸಿ ಹಾಗೆಯೇ ಬಿಡುವುದು ಒಳ್ಳೆಯದಲ್ಲ. ಸ್ವಲ್ಪ ಹೊತ್ತಿಗೇ ಚೀಲ ಬಿಸಿಯಾಗಿ ಗಾಳಿಯನ್ನು ತಡೆಯುತ್ತದೆ. ಮೊದಲು ತಂಪು ಮಾಡಿ, ಆಮೇಲೆ ಆಸ್ಪತ್ರೆಗೆ ಒಯ್ಯಬೇಕು. ನಾಯಿ ಚೇತರಿಸಿಕೊಂಡಂತೆ ಕಂಡರೂ ಒಯ್ಯಬೇಕು.

ಇಲ್ಲಿ ಬಹಳ ಜನ ಮಾಡುವ ಒಂದು ಕೆಲಸವಿದೆ. ಬಿದ್ದ ಪ್ರಾಣಿಯ ಬಾಯಿ ಬಿಡಿಸಿ ನೀರು, ಹಾಲು, ಉಪ್ಪುನೀರು, ಎಣ್ಣೆ ಏನಾದರೊಂದು ಸುರಿಯುತ್ತಾರೆ. ಪಾಪ, ಒಳ್ಳೆಯ ಮನಸ್ಸಿನಿಂದಲೇ ಸುರಿಯುತ್ತಾರೆ. ಆದರೆ ಗಂಟಲಿನಲ್ಲಿ ಎರಡು ದಾರಿಗಳಿವೆ, ಅನ್ನನಾಳ ಮತ್ತು ಶ್ವಾಸನಾಳ. ನಾವು ನುಂಗುವಾಗ ಒಂದು ಪುಟ್ಟ ಮುಚ್ಚಳ ಶ್ವಾಸನಾಳವನ್ನು ಮುಚ್ಚುತ್ತದೆ. ಪ್ರಜ್ಞೆ ತಪ್ಪಿದ ಪ್ರಾಣಿ ನುಂಗುವುದಿಲ್ಲ, ಹಾಗಾಗಿ ಮುಚ್ಚಳವೂ ಮುಚ್ಚುವುದಿಲ್ಲ. ಸುರಿದದ್ದು ಶ್ವಾಸಕೋಶಕ್ಕೆ ಇಳಿಯುತ್ತದೆ. ಎಚ್ಚರವಿರುವ ನಾಯಿಯ ಮುಂದೆ ಬಟ್ಟಲಿನಲ್ಲಿ ನೀರಿಡಿ. ತಾನಾಗಿ ನೆಕ್ಕಿದರೆ ಸರಿ, ಇಲ್ಲದಿದ್ದರೆ ಬಿಡಿ.

ರಕ್ತ ಎಷ್ಟು ಹೋಯಿತು?

ನಾಯಿಯ ಮೈಯಲ್ಲಿ ಪ್ರತಿ ಕಿಲೋಗ್ರಾಂ ತೂಕಕ್ಕೆ ಸುಮಾರು 80 ಮಿಲಿಲೀಟರ್ ರಕ್ತವಿರುತ್ತದೆ. ಹತ್ತು ಕಿಲೋ ತೂಕದ ನಾಯಿಯಲ್ಲಿ 800 ಮಿಲಿಲೀಟರ್, ಅಂದರೆ ನಾಲ್ಕು ಲೋಟ. ಬೆಕ್ಕಿನಲ್ಲಿ ಇನ್ನೂ ಕಡಿಮೆ. ಒಂದು ಕಿಲೋ ತೂಗುವ ಬೆಕ್ಕಿನ ಮರಿಯ ಮೈಯಲ್ಲಿರುವ ಎಲ್ಲ ರಕ್ತ ಸುಮಾರು 55 ಮಿಲಿಲೀಟರ್, ಒಂದು ಚಿಕ್ಕ ಟೀ ಲೋಟದಷ್ಟೂ ಇಲ್ಲ! ಇದರಲ್ಲಿ ಮೂರನೇ ಒಂದು ಭಾಗ ಒಮ್ಮೆಗೇ ಹೋದರೂ ಪ್ರಾಣಾಪಾಯವಿದೆ. ಹಾಗೆಂದು ನೆಲದ ಮೇಲೆ ಕೆಂಪು ಕಂಡೊಡನೆ ಗಾಬರಿಯಾಗಬೇಡಿ. ಒಂದು ಚಮಚ ನೀರಿಗೆ ಕುಂಕುಮ ಕದಡಿ ಸಿಮೆಂಟು ನೆಲದ ಮೇಲೆ ಚೆಲ್ಲಿ ನೋಡಿ. ಎಷ್ಟು ಅಗಲ ಹರಡುತ್ತದೆ! ಅದು ಬರೀ 5 ಮಿಲಿಲೀಟರ್.

ರಕ್ತ ನಿಲ್ಲಿಸಲು ಮನೆಯ ದೊಡ್ಡವರು ಗಾಯದ ಮೇಲೆ ಶುಭ್ರವಾದ ಬಟ್ಟೆ ಮಡಚಿಟ್ಟು ಹತ್ತು ನಿಮಿಷ ಬಿಗಿಯಾಗಿ ಒತ್ತಿ ಹಿಡಿಯಬೇಕು. ನಡುನಡುವೆ ಎತ್ತಿ ನೋಡಬಾರದು. ಏಕೆಂದರೆ ರಕ್ತದಲ್ಲಿನ ಫೈಬ್ರಿನ್ ಎಂಬ ಎಳೆಗಳು ಅಲ್ಲಿ ಬಲೆ ನೇಯುತ್ತಿರುತ್ತವೆ, ಎತ್ತಿದರೆ ಬಲೆ ಹರಿಯುತ್ತದೆ. ಬಟ್ಟೆ ನೆನೆದರೆ ಅದರ ಮೇಲೆಯೇ ಇನ್ನೊಂದನ್ನು ಇಟ್ಟು ಒತ್ತಬೇಕು. ಕಾಫಿಪುಡಿ, ಬೂದಿ, ಸುಣ್ಣ ಮೆತ್ತುವುದು ಬೇಡ. ವೈದ್ಯರು ಹೊಲಿಗೆ ಹಾಕುವ ಮೊದಲು ಅದನ್ನೆಲ್ಲ ತೊಳೆದು ತೆಗೆಯಬೇಕಾಗುತ್ತದೆ. ಪ್ರಾಣಿಗೆ ಎಷ್ಟು ನೋವು, ಯೋಚಿಸಿ.

ನೀವು ಹತ್ತಿರ ಹೋಗಬೇಕೇ?

ದೊಡ್ಡವರು ಎಂದು ಮತ್ತೆ ಮತ್ತೆ ಬರೆಯುತ್ತಿರುವುದಕ್ಕೆ ಕಾರಣವಿದೆ. ನೋವಿನಲ್ಲಿರುವ ನಾಯಿ ತನ್ನ ಯಜಮಾನನನ್ನೂ ಕಚ್ಚುತ್ತದೆ. ಅದು ಅದರ ತಪ್ಪಲ್ಲ. ಬೀದಿಯ ನಾಯಿಯಾದರೆ ದೂರದಲ್ಲೇ ನಿಂತು ಯಾರನ್ನಾದರೂ ಕರೆಯಿರಿ. ರೇಬಿಸ್ ರೋಗದ ವೈರಸ್ ಜೊಲ್ಲಿನಲ್ಲಿರುತ್ತದೆ. ರೋಗಲಕ್ಷಣ ಕಾಣಿಸಿಕೊಂಡ ಮೇಲೆ ಅದನ್ನು ವಾಸಿ ಮಾಡುವ ಔಷಧವಿಲ್ಲ. ನಾಯಿಯಾಗಲಿ ಬೆಕ್ಕಾಗಲಿ ಕಚ್ಚಿದರೆ, ಉಗುರಿನಿಂದ ಪರಚಿದರೆ, ಗಾಯವನ್ನು ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷ ತೊಳೆದು ಅಂದೇ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಪ್ಪ ಬೈಯುತ್ತಾರೆಂದು ಮುಚ್ಚಿಡುವ ಮಕ್ಕಳನ್ನು ನಾನು ನೋಡಿದ್ದೇನೆ. ಬೈದರೆ ಬೈಯಲಿ, ಹೇಳಿಬಿಡಿ.

ಗಾಯಗೊಂಡ ನಾಯಿಯನ್ನು ಕಾಲು ಹಿಡಿದು ಎತ್ತದೆ ಹಲಗೆ ಅಥವಾ ಗೋಣಿಚೀಲದ ಮೇಲೆ ಮೆಲ್ಲನೆ ಸರಿಸಿ ಒಯ್ಯಬೇಕು. ಬೆಕ್ಕನ್ನು ಗಾಳಿಯಾಡುವ ಬುಟ್ಟಿಯಲ್ಲಿಟ್ಟು ಮುಚ್ಚಿ ಒಯ್ಯುವುದು ಲೇಸು. ನಿಮ್ಮ ಊರಿಗೆ ಹತ್ತಿರದ ಪಶು ಆಸ್ಪತ್ರೆ ಎಲ್ಲಿದೆ, ಎಷ್ಟು ಹೊತ್ತಿಗೆ ತೆರೆಯುತ್ತದೆ ಎಂದು ಈಗಲೇ ಕೇಳಿ ತಿಳಿದುಕೊಳ್ಳಿ. ನಮ್ಮ ರಾಜ್ಯದಲ್ಲಿ ಸಂಚಾರಿ ಪಶು ಚಿಕಿತ್ಸಾ ವಾಹನಕ್ಕಾಗಿ 1962 ಸಂಖ್ಯೆಗೆ ಕರೆ ಮಾಡಬಹುದು. ಅದು ಮುಖ್ಯವಾಗಿ ದನಕರು, ಕುರಿ, ಮೇಕೆಗಳಿಗಾಗಿ ಇರುವ ಸೇವೆ. ಫೋನಿನಲ್ಲಿ ವೈದ್ಯರು ಮೊದಲು ಕೇಳುವುದು ಯಾವಾಗಿನಿಂದ, ಏನು ತಿಂದಿತ್ತು, ಉಸಿರಾಟ ಹೇಗಿದೆ ಎಂದು. ‘ತುಂಬಾ ಜೋರಾಗಿದೆ ಸಾರ್’ ಎಂದರೆ ಅವರಿಗೆ ಹೆಚ್ಚೇನೂ ತಿಳಿಯದು. ‘ಮಲಗಿದ್ದಾಗ ಯಾವಾಗಲೂ 22 ಇರುತ್ತಿತ್ತು, ಈಗ 60 ಇದೆ’ ಎಂದು ಹೇಳಿ ನೋಡಿ!

ಮಾಡಿ ನೋಡಿ

ನಿಮ್ಮ ಮನೆಯ ನಾಯಿ, ಬೆಕ್ಕು ಅಥವಾ ಮೇಕೆ ಆರಾಮವಾಗಿ ಮಲಗಿದ್ದಾಗ ನಾಲ್ಕೈದು ಅಡಿ ದೂರ ಕುಳಿತು ಅದರ ಪಕ್ಕೆಯನ್ನು ಗಮನಿಸಿ. ಪಕ್ಕೆ ಉಬ್ಬಿ ಇಳಿದರೆ ಒಂದು ಉಸಿರು. ಗಡಿಯಾರ ನೋಡಿಕೊಂಡು 30 ಸೆಕೆಂಡು ಎಣಿಸಿ, ಎರಡರಿಂದ ಗುಣಿಸಿ. ಏಳು ದಿನ ಹೀಗೆ ಮಾಡಿ, ದಿನಾಂಕ ಮತ್ತು ವೇಳೆಯೊಂದಿಗೆ ನೋಟ್ ಪುಸ್ತಕದಲ್ಲಿ ಬರೆದಿಡಿ. ಮಧ್ಯಾಹ್ನ ಎಣಿಸಿದ್ದಕ್ಕೂ ರಾತ್ರಿ ಎಣಿಸಿದ್ದಕ್ಕೂ ವ್ಯತ್ಯಾಸವಿದೆಯೇ? ಏಕಿರಬಹುದು? ನಿದ್ದೆಯಲ್ಲಿ ನಾಯಿಯ ಕಾಲು ಅದುರುತ್ತಿದ್ದರೆ ಆಗ ಎಣಿಸಬೇಡಿ, ಸ್ವಲ್ಪ ಕಾಯಿರಿ. ಬಹುಶಃ ಅದು ಕನಸು ಕಾಣುತ್ತಿರಬಹುದು. ಮರಿ ಹಾಕಿದ ತಾಯಿಯಾದರೆ ಇನ್ನೂ ಸ್ವಲ್ಪ ದೂರ ಕುಳಿತುಕೊಳ್ಳಿ.