ಕೋಳಿಗೂಡು ಕೊಳ್ಳುವ ಮುನ್ನ

ನಮ್ಮ ಚೇಳೂರು ಹಲಸಿಗೆ ಹೆಸರಾದ ಊರು. ತೆಂಗು, ಅಡಿಕೆ, ರಾಗಿ ನಮ್ಮ ಸೀಮೆಯ ಬೆಳೆ. ತೋಟ ಇಲ್ಲದವರಿಗೂ ಮನೆ ಹಿಂದೆ ಒಂದಿಷ್ಟು ಹಿತ್ತಲು ಇರುತ್ತದೆ. ಹಿತ್ತಲಲ್ಲಿ ನಾಲ್ಕು ಕೋಳಿ ಇರುತ್ತವೆ. ಮೊಟ್ಟೆ ಮಾರಿದ ದುಡ್ಡು ನಮ್ಮ ಕೈಗೇ ಬರುತ್ತದೆ. ಮಗುವಿನ ನೋಟ್ ಬುಕ್ಕು, ಸೋಪು, ಬಸ್ ಚಾರ್ಜು. ಇದಕ್ಕೆಲ್ಲ ಯಾರ ಮುಂದೆಯೂ ಕೈ ಚಾಚಬೇಕಿಲ್ಲ.

ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ಅಕ್ಕ ಬರುತ್ತಾರೆ. ಒಂದು ದಿನವೂ ತಪ್ಪಿಸಿದವರಲ್ಲ. ಒಮ್ಮೆ ಎರಡು ದಿನ ಬರಲಿಲ್ಲ. ನಾವೇ ಅವರ ಮನೆಗೆ ಹೋದೆವು. ಹಿತ್ತಲ ತುಂಬ ಪುಕ್ಕ ಹರಡಿತ್ತು. ಮಂಕರಿ ಮಗುಚಿ ಬಿದ್ದಿತ್ತು.

"ಮಂಕರಿ ಮೇಲೆ ಕಲ್ಲು ಹೇರಿದ್ದೆ. ನಾಯಿಗಳು ಉರುಳಿಸಿಬಿಟ್ವು. ಒಂದೇ ರಾತ್ರೀಲಿ ಒಂಬತ್ತು ಕೋಳಿ ಹೋದ್ವು. ಸಂಘದ ಸಾಲ ಇನ್ನೂ ತೀರಿಲ್ಲ" ಅಂದರು.

ನಮಗೂ ಹೊಟ್ಟೆ ಉರಿಯಿತು. ಹಗಲಲ್ಲಿ ತಾಯಿ ಕೋಳಿ, ಮರಿಗಳನ್ನು ಮುಚ್ಚಿಡಲು ಮಂಕರಿ ಸಾಕು. ರಾತ್ರಿ ಕಾವಲಿಗೆ ಅದು ಸಾಲದು. ಹಿತ್ತಲ ಕೋಳಿ ಹಗಲೆಲ್ಲ ತಾನೇ ಮೇಯುತ್ತದೆ. ಅದಕ್ಕೆ ಗೂಡು ಬೇಕಾಗುವುದು ಮುಖ್ಯವಾಗಿ ರಾತ್ರಿಗೆ, ಮೊಟ್ಟೆ ಇಡುವುದಕ್ಕೆ. ಹಾಗಾಗಿ ಗೂಡನ್ನು ರಾತ್ರಿಯನ್ನು ನೆನೆದು ಆರಿಸಬೇಕು.

ಗೂಡು ನೋಡಲು ಹೋದೆವು

ಅಕ್ಕ ಮತ್ತೆ ಕೋಳಿ ಸಾಕುವ ಮನಸ್ಸು ಮಾಡಿದರು. ಹತ್ತು ಹೇಟೆ, ಒಂದು ಹುಂಜ ಎಂದು ಲೆಕ್ಕ ಹಾಕಿದರು. ನಾವು ನಾಲ್ಕು ಜನ ಅವರ ಜೊತೆ ಗೂಡು ನೋಡಲು ಹೋದೆವು. ಒಂದು ಅಂಗಡಿಯಲ್ಲಿ ಕಬ್ಬಿಣದ ಗೂಡು ಇತ್ತು. ಹಸಿರು ಬಣ್ಣ ಬಳಿದು ಮಿರಮಿರ ಮಿಂಚುತ್ತಿತ್ತು.

"ಅಣ್ಣ, ಇದರಲ್ಲಿ ಎಷ್ಟು ಕೋಳಿ ಹಿಡಿಸ್ತವೆ?"

"ಹದಿನೈದು ಹಿಡಿಸ್ತವೆ ಕಣಕ್ಕ. ಕಣ್ಣು ಮುಚ್ಕೊಂಡು ತಗೊಂಡು ಹೋಗಿ."

"ಕಣ್ಣು ಯಾಕೆ ಮುಚ್ಚಬೇಕಣ್ಣ? ತೆರೆದೇ ನೋಡ್ತೀವಿ."

ಅಕ್ಕ ಚೀಲದಿಂದ ಅಳತೆ ಟೇಪು ತೆಗೆದರು. ಉದ್ದ 4 ಅಡಿ. ಅಗಲ 2 ಅಡಿ. ಕಳೆದ ತಿಂಗಳಷ್ಟೇ ಕಲಿತ ಮಗ್ಗಿ ನೆನೆದರು. ನಾಲ್ಕೆರಡ್ಲ ಎಂಟು. ಅಂದರೆ 8 ಚದರ ಅಡಿ.

ಹಗಲು ಹೊರಗೆ ಮೇಯುವ ಒಂದು ನಾಟಿ ಕೋಳಿಗೆ ರಾತ್ರಿ ಮಲಗಲು ಕಡಿಮೆ ಎಂದರೂ 1 ಚದರ ಅಡಿ ಜಾಗ ಬೇಕು. ಆ ಗೂಡಿಗೆ ಎಂಟೇ ಕೋಳಿ. ಹದಿನೈದು ತುಂಬಿದರೆ ಒಂದನ್ನೊಂದು ಕುಕ್ಕುತ್ತವೆ. ಸೆಕೆಗೆ ಬಾಯಿ ತೆರೆದು ಏದುಸಿರು ಬಿಡುತ್ತವೆ. ಒಂದಕ್ಕೆ ರೋಗ ಬಂದರೆ ಎಲ್ಲಕ್ಕೂ ಬೇಗ ಹರಡುತ್ತದೆ.

ಗಿರಿರಾಜ ಕೋಳಿ ಬೆಂಗಳೂರಿನ ಹೆಬ್ಬಾಳದಲ್ಲಿ ರೂಪಿಸಿದ ತಳಿ. ಇದು ನಾಟಿ ಕೋಳಿಗಿಂತ ದಪ್ಪ. ಇದಕ್ಕೆ ಒಂದೂವರೆಯಿಂದ ಎರಡು ಚದರ ಅಡಿ ಜಾಗ ಬೇಕು. ಮೈ ಭಾರ ಇರುವುದರಿಂದ ಎತ್ತರಕ್ಕೆ ಹಾರಲಾರದು. ಇದರ ಗೂಡಿಗೆ ಬಾಗಿಲು ಅಗಲ ಇರಲಿ. ಹತ್ತಲು ಚಿಕ್ಕ ಏಣಿ ಇರಲಿ.

ನಾಲ್ಕು ಮಾತು ನೆನಪಿಡೋಣ

1. ಜಾಗ: ಮೊದಲು ಕೋಳಿ ಎಣಿಸೋಣ. ಆಮೇಲೆ ಗೂಡು ಅಳೆಯೋಣ.

2. ಕಾವಲು: ಜಾಲರಿಯ ಕಣ್ಣಿಗೆ ಬೆರಳು ತೂರಿಸಿ ನೋಡೋಣ. ಎರಡು ಬೆರಳು ಹೋಗುವ ಕಡೆ ಹಾವು ಹೋಗುತ್ತದೆ, ಇಲಿ ಹೋಗುತ್ತದೆ. ಅರ್ಧ ಇಂಚಿನ ಕಣ್ಣು ಒಳ್ಳೆಯದು. ತಂತಿ ಗಟ್ಟಿ ಇರಬೇಕು. ತೆಳು ತಂತಿಯನ್ನು ನಾಯಿ ಹರಿದುಹಾಕುತ್ತದೆ. ಬಾಗಿಲಿಗೆ ಚಿಲಕ ಬೇಕೇ ಬೇಕು. ದಾರ ಕಟ್ಟಿದರೆ ಸಾಲದು.

3. ಗಾಳಿ, ನೆರಳು: ಮಾಡಿಗೆ ಬರೀ ತಗಡು ಇದ್ದರೆ ಬೇಸಿಗೆಯಲ್ಲಿ ಗೂಡು ಕಾದ ಹೆಂಚಿನಂತೆ ಆಗುತ್ತದೆ. ತಗಡಿನ ಮೇಲೆ ತೆಂಗಿನ ಗರಿ ಹೊದಿಸೋಣ. ಗೂಡಿನ ಉದ್ದ ಪೂರ್ವ ಪಶ್ಚಿಮಕ್ಕೆ ಇದ್ದರೆ ಒಳಗೆ ಬಿಸಿಲು ಕಡಿಮೆ ಹೊಡೆಯುತ್ತದೆ. ಬೆಳಿಗ್ಗೆ ಬಾಗಿಲು ತೆಗೆದಾಗ ಘಾಟು ವಾಸನೆ ಬಂದು ಕಣ್ಣು ಉರಿದರೆ, ಒಳಗೆ ಗಾಳಿ ಸಾಲದು ಎಂದು ತಿಳಿಯಬೇಕು. ಮಳೆ ಎರಚಲು ಬಂದಾಗ ಆ ಕಡೆಗೆ ಗೋಣಿ ತಾಟು ಇಳಿಬಿಡೋಣ.

4. ಶುಚಿ: ಗೂಡಿನ ಮೂಲೆ ಮೂಲೆಗೂ ನಮ್ಮ ಕೈ ಎಟುಕಬೇಕು. ಕೈ ಎಟುಕದ ಕಡೆ ಹಿಕ್ಕೆ ಉಳಿಯುತ್ತದೆ. ಕೋಳಿ ಹೇನು ಅಲ್ಲೇ ಸೇರುತ್ತದೆ.

ಅಕ್ಕ ಏನು ಮಾಡಿದರು?

ಅಂಗಡಿಯ ಗೂಡು ಕೊಳ್ಳಲಿಲ್ಲ. ಮನೆಯಲ್ಲಿ ಹಳೆ ಅಡಿಕೆ ದಬ್ಬೆ ಇದ್ದವು. ಜಾಲರಿ, ಮೊಳೆ, ಕೀಲು, ಚಿಲಕ ಮಾತ್ರ ಕೊಂಡರು. ತಮ್ಮನನ್ನು ಕರೆಸಿ 4 ಅಡಿ ಉದ್ದ, 3 ಅಡಿ ಅಗಲದ ಗೂಡು ಕಟ್ಟಿಸಿದರು. ನಾಲ್ಕು ಮೂರ್ಲ ಹನ್ನೆರಡು. ಹನ್ನೊಂದು ಕೋಳಿಗೆ ಜಾಗ ಸರಿಹೋಯಿತು.

ಗೂಡನ್ನು ನೆಲದಿಂದ 2 ಅಡಿ ಎತ್ತರಕ್ಕೆ, ಕಾಲುಗಳ ಮೇಲೆ ನಿಲ್ಲಿಸಿದರು. ತಳಕ್ಕೆ ದಬ್ಬೆ ಹೊಡೆದು ನಡುವೆ ಸಣ್ಣ ಸಂದು ಬಿಟ್ಟರು. ಹಿಕ್ಕೆ ಕೆಳಗೆ ಬೀಳುತ್ತದೆ. ಅದನ್ನು ಗುಡಿಸಿ ತಿಪ್ಪೆಗೆ ಹಾಕುತ್ತಾರೆ. ಕೊಳೆತ ಮೇಲೆ ತೆಂಗಿನ ಬುಡಕ್ಕೆ ಒಳ್ಳೆ ಗೊಬ್ಬರ. ಕೋಳಿ ಕೂರಲು ಒಳಗೆ ಅಡ್ಡಗೋಲು ಇದೆ. ಮೊಟ್ಟೆ ಇಡಲು, ಹುಲ್ಲು ಹಾಸಿದ ಎರಡು ಬುಟ್ಟಿ ಇವೆ. ಐದು ಹೇಟೆಗೆ ಒಂದು ಬುಟ್ಟಿ ಸಾಕು.

ಗೂಡು ಗಟ್ಟಿ ಇದ್ದರೆ ನಾಯಿ ಬರುವುದಿಲ್ಲ. ಆದರೆ ಕೊಕ್ಕರೆ ರೋಗವನ್ನು ಚಿಲಕ ತಡೆಯಲಾರದು. ಅದಕ್ಕೆ ಲಸಿಕೆಯೇ ಬೇಕು. ಮರಿಗೆ 5ರಿಂದ 7 ದಿನ ಆದಾಗ ಕಣ್ಣಿಗೆ ಅಥವಾ ಮೂಗಿಗೆ ಮೊದಲ ಹನಿ ಹಾಕಿಸಬೇಕು. ಮುಂದಿನ ಲಸಿಕೆ ಯಾವಾಗ ಎಂದು ಪಶು ಆಸ್ಪತ್ರೆಯಲ್ಲಿ ಕೇಳಿ, ಚೀಟಿಯಲ್ಲಿ ಬರೆಸಿಕೊಳ್ಳೋಣ. ಈಗ ಚೀಟಿ ಓದಲು ನಮಗೆ ಬರುತ್ತದಲ್ಲ!

ಮೊನ್ನೆ ರಾತ್ರಿ ಅಕ್ಕನ ಹಿತ್ತಲಿಗೆ ಮತ್ತೆ ನಾಯಿಗಳು ಬಂದಿದ್ದವಂತೆ. ಗೂಡಿನ ಸುತ್ತ ಹೆಜ್ಜೆ ಗುರುತು ಇತ್ತು. ಬೆಳಿಗ್ಗೆ ಅಕ್ಕ ಚಿಲಕ ತೆಗೆದು ಒಂದೊಂದಾಗಿ ಎಣಿಸಿದರು. ಹನ್ನೊಂದೂ ಇದ್ದವು.

ಲೆಕ್ಕ ಮಾಡೋಣ

ಒಂದು ಗೂಡು 5 ಅಡಿ ಉದ್ದ, 3 ಅಡಿ ಅಗಲ ಇದೆ. ಅದರಲ್ಲಿ ಎಷ್ಟು ನಾಟಿ ಕೋಳಿ ಇಡಬಹುದು?

ನಮ್ಮ ಮನೆಯ ಗೂಡಿನ ಉದ್ದ ........ ಅಡಿ. ಅಗಲ ........ ಅಡಿ. ಕೋಳಿಗಳು ........

ಮಾತಾಡೋಣ

ಮಂಕರಿ ಯಾವಾಗ ಸಾಕು? ಯಾವಾಗ ಸಾಲದು?

ಮೊಟ್ಟೆ ಮಾರಿದ ದುಡ್ಡು ನಿಮ್ಮ ಮನೆಯಲ್ಲಿ ಯಾರ ಕೈಯಲ್ಲಿ ಇರುತ್ತದೆ?

ಓದಿ ಬರೆಯೋಣ

ಗೂಡು, ಹೇಟೆ, ಹುಂಜ, ಜಾಲರಿ, ಚಿಲಕ, ಅಡಿ, ಲಸಿಕೆ