ಸಂಬಳ ಏರಿತು, ಇಎಸ್‌ಐ ತಪ್ಪಿತು

ತಿಂಗಳ ಸಂಬಳ 21,000 ರೂಪಾಯಿ ದಾಟಿದ ಕೂಡಲೇ ನೌಕರರ ರಾಜ್ಯ ವಿಮೆ, ಅಂದರೆ ಇಎಸ್‌ಐ ನಿಲ್ಲುವುದಿಲ್ಲ. ಏಪ್ರಿಲ್–ಸೆಪ್ಟೆಂಬರ್ ಅಥವಾ ಅಕ್ಟೋಬರ್–ಮಾರ್ಚ್ ಅವಧಿ ಮುಗಿಯುವ ತನಕ ವಂತಿಗೆ ಕಡಿತವಾಗುತ್ತದೆ. ಚಿಕಿತ್ಸೆಯ ಹಕ್ಕು ಅದರಾಚೆಗೂ ಕೆಲವು ತಿಂಗಳು ಉಳಿಯುತ್ತದೆ. ಹೊಸ ಆರೋಗ್ಯ ವಿಮೆ ಪಾಲಿಸಿ ಕೊಳ್ಳಬೇಕಾದದ್ದು ಆ ಗಡುವಿನೊಳಗೇ. ಇಎಸ್‌ಐಯಲ್ಲಿ ಕಳೆದ ವರ್ಷಗಳು ಖಾಸಗಿ ಪಾಲಿಸಿಯ ಲೆಕ್ಕಕ್ಕೆ ಸೇರುವುದಿಲ್ಲವಾದ್ದರಿಂದ, ಮೊದಲೇ ಇದ್ದ ಸಕ್ಕರೆ ಕಾಯಿಲೆ, ಬಿ.ಪಿ.ಗೆ ಗರಿಷ್ಠ 36 ತಿಂಗಳು ಕಾಯಬೇಕಾದೀತು. ಹಾಗೆಂದು ಅವನ್ನು ಮುಚ್ಚಿಟ್ಟರೆ ಕ್ಲೇಮೇ ತಿರಸ್ಕೃತವಾಗಬಹುದು. ಕಂಪನಿಯ ಗುಂಪು ವಿಮೆಯಲ್ಲಿ ಸಾಮಾನ್ಯವಾಗಿ ಈ ಕಾಯುವಿಕೆ ಇರದು. ಕೆಲಸ ಬಿಟ್ಟರೆ ಮಾತ್ರ ಅದೂ ಹೋಯಿತು. ಸರಕಾರಿ ಯೋಜನೆಗಳೂ ಇವೆ: ಮುಂಬೈಯ ಬೈಕುಲ್ಲಾದಲ್ಲೇ ಪಡಿತರ ಚೀಟಿ ಮಾಡಿಸಿಕೊಂಡ ಕನ್ನಡ ಕುಟುಂಬಕ್ಕೆ ಮಹಾರಾಷ್ಟ್ರದ ಮಹಾತ್ಮ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯಿಂದ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವುಂಟು, ಆದರೆ ಪಟ್ಟಿಯಲ್ಲಿರುವ ಚಿಕಿತ್ಸೆಗಳಿಗಷ್ಟೇ. 70 ತುಂಬಿದ ತಂದೆತಾಯಿಯ ಆಯುಷ್ಮಾನ್ ಕಾರ್ಡಿಗೆ ಆದಾಯದ ಮಿತಿಯಿಲ್ಲ.