ಲೆಕ್ಕವಿದ್ಯೆಯ ಗುರುಕುಲ

ಮಂಗಳೂರು ಬ್ಯಾಂಕುಗಳ ತವರೂರು. ಅಮ್ಮೆಂಬಳ ಸುಬ್ಬರಾವ್ ಪೈಯವರು 1906ರಲ್ಲಿ ಸ್ಥಾಪಿಸಿದ ನಿಧಿಯು ಕೆನರಾ ಬ್ಯಾಂಕಾಗಿ ಬೆಳೆಯಿತು. 1924ರಲ್ಲಿ ಕರ್ಣಾಟಕ ಬ್ಯಾಂಕು, 1931ರಲ್ಲಿ ವಿಜಯಾ ಬ್ಯಾಂಕು ಇಲ್ಲಿಯೇ ಜನ್ಮತಾಳಿದವು. ಇಂಥ ನಗರದಲ್ಲಿ ವಾಣಿಜ್ಯಶಾಸ್ತ್ರ ಓದುವ ಅನೇಕರು ಚಾರ್ಟರ್ಡ್ ಅಕೌಂಟೆಂಟ್ ಆಗಲು ಹಂಬಲಿಸುವುದು ಸಹಜ.

ಆದರೆ ಪುಸ್ತಕವೊಂದರಿಂದಲೇ ಈ ವಿದ್ಯೆ ಕೈಗೂಡದು. ಪರೀಕ್ಷೆಗಳೊಡನೆ, ವೃತ್ತಿನಿರತ ಲೆಕ್ಕಪರಿಶೋಧಕರ ಬಳಿ ಪೂರ್ಣಾವಧಿಯ ತರಬೇತಿಯನ್ನೂ ಪಡೆಯಬೇಕು. ಇದಕ್ಕೆ ಆರ್ಟಿಕಲ್‌ಶಿಪ್ ಎಂದು ಹೆಸರು. ಮೂರು ವರ್ಷಗಳಿದ್ದ ಇದರ ಅವಧಿಯನ್ನು 2023ರಲ್ಲಿ ಎರಡಕ್ಕೆ ಇಳಿಸಲಾಯಿತು.

ಗೋಡಂಬಿ, ಮೀನು, ಬಂದರುಗಳ ವ್ಯವಹಾರದ ಲೆಕ್ಕವನ್ನು ಊರಿನಲ್ಲಿಯೇ ಕಲಿಯಬಹುದು. ಬೃಹತ್ ಕಂಪನಿಗಳ ಲೆಕ್ಕಪತ್ರಗಳನ್ನು ನೋಡಬಯಸುವವರು ಬೆಂಗಳೂರಿಗೋ ಮುಂಬಯಿಗೋ ಮುಖಮಾಡುತ್ತಾರೆ. ಇಕ್ಕಟ್ಟು ಹುಟ್ಟುವುದು ಆಗಲೇ. ಕಾಲೇಜಿನ ವೇಳೆಯು ಕಚೇರಿಯ ವೇಳೆಗೆ ಅಡ್ಡಬರಕೂಡದೆಂಬುದು ನಿಯಮ. ಮಂಗಳೂರಿನಲ್ಲಿ ಹಾಜರಿ, ಮುಂಬಯಿಯಲ್ಲಿ ತರಬೇತಿ ಎಂದರೆ ನಡೆಯದು. ಪದವಿ ಮುಗಿಸಿ ಹೊರಡುವುದು ಒಂದು ದಾರಿ. ದೂರಶಿಕ್ಷಣದ ಮೂಲಕ ಓದನ್ನು ಮುಂದುವರಿಸುವುದು ಇನ್ನೊಂದು.

ಹೊರಡುವ ಮೊದಲು ವಿಚಾರಿಸಬೇಕಾದುದು ಬಹಳ. ತರಬೇತಿಯ ಕನಿಷ್ಠ ಭತ್ಯೆಯು ನಗರದ ಜನಸಂಖ್ಯೆಯನ್ನು ಅನುಸರಿಸಿರುತ್ತದೆ. ಆದರೂ ಮುಂಬಯಿಯ ಬಾಡಿಗೆಗೆ ಅದು ಸಾಲದು. ಎಂಥ ಕೆಲಸ ಕೊಡುವರು, ಪರೀಕ್ಷೆಗೆ ಎಷ್ಟು ರಜೆ ದೊರೆಯುವುದು ಎಂಬುದನ್ನು ಅಲ್ಲಿ ದುಡಿದ ಹಿರಿಯ ವಿದ್ಯಾರ್ಥಿಗಳಿಂದ ಕೇಳಿ ತಿಳಿಯಬೇಕು. ಏಕೆಂದರೆ, ಒಮ್ಮೆ ನೋಂದಾಯಿಸಿದ ಬಳಿಕ ಇಚ್ಛೆ ಬಂದಂತೆ ಗುರುವನ್ನು ಬದಲಿಸಲಾಗದು.

ದೊಡ್ಡ ಊರು ದೊಡ್ಡ ವಿದ್ಯೆಯನ್ನು ತಾನಾಗಿ ಕೊಡದು. ದಿನವಿಡೀ ನಕಲು ತೆಗೆಸುವ ಮಹಾನಗರದ ಕಚೇರಿಗಿಂತ, ಕೈಹಿಡಿದು ಕಲಿಸುವ ಗುರುವಿರುವ ಹಂಪನಕಟ್ಟೆಯ ಕಿರುಕೋಣೆಯೇ ಮೇಲು. ಅಂಥ ಗುರುವು ದೂರದಲ್ಲಿದ್ದರೆ, ಘಟ್ಟ ಹತ್ತಲು ಹಿಂಜರಿಯಬಾರದು.